ಚೊಚ್ಚಲ ಕೂಸು ಬಂದ ದಿನ, ಮುಂದಿನ ಕೂಸು ಬರುವ ದಿನ



ಎರಡನೆಯ ಸಲ ಬಸುರಾದ ಹೆಣ್ಣುಮಗಳೊಬ್ಬಳು ಮನೆಯ ಜಗಲಿಯ ಮೇಲೆ ದಣಿವಾರಿಸಿಕೊಳ್ಳುತ್ತ ಕುಳಿತಿರುವಾಗ, ಮಡಿಲಿನಲ್ಲಿದ್ದ ಎಲೆಅಡಿಕೆಯ ಸಂಚಿಯ ದಾರವನ್ನು ಸಡಿಲಿಸುತ್ತ ಆ ಮನೆಯ ಅಜ್ಜಿ, “ಇವಳ ಚೊಚ್ಚಲು ಹನ್ನೆರಡು ದಿವಸ ಮುಂಚೆಯೇ ಆಯಿತಲ್ಲ, ಇದೂ ಹಾಗೆಯೇ ನೋಡಿ, ಬಟ್ಟೆಬರೆ ಈಗಲೇ ಎತ್ತಿಡಿ” ಎಂದು ಹೇಳುವುದನ್ನು ನಮ್ಮಲ್ಲಿ ಕೇಳದವರು ವಿರಳ. ಅದೇ ಮಾತು ಮತ್ತೊಂದು ಮನೆಯಲ್ಲಿ, ಮತ್ತೊಂದು ನಾಲಗೆಯಲ್ಲಿ, “ಇವಳಿಗೆ ದಿನ ತುಂಬುವುದೇ ಇಲ್ಲ” ಎಂಬ ಕ್ರೂರವಾದ ಆರೋಪವಾಗಿ ಮಾರ್ಪಡುವುದೂ ಉಂಟು. ಮೊದಲನೆಯ ಮಾತಿನಲ್ಲಿ ಅಕ್ಕರೆಯಿದೆ, ಎರಡನೆಯದರಲ್ಲಿ ನಿಂದೆಯಿದೆ. ಆದರೆ ಎರಡರ ತಳದಲ್ಲಿಯೂ ಇರುವ ನಂಬಿಕೆ ಒಂದೇ. ಮೊದಲ ಹೆರಿಗೆ ಯಾವ ಹೊತ್ತಿಗೆ ಆಯಿತೋ ಮುಂದಿನವುಗಳೂ ಆ ಹೊತ್ತಿಗೇ ಆಗುತ್ತವೆ ಎಂಬ ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಹೊತ್ತು ಪರಿಶೀಲಿಸಬಯಸುತ್ತೇನೆ.

ಮುಂಚೆ ಎಂದರೆ ಯಾವುದಕ್ಕಿಂತ ಮುಂಚೆ? ಮೊದಲು ತೀರ್ಮಾನವಾಗಬೇಕಾದದ್ದು ಇದು. ಒಂಬತ್ತು ತಿಂಗಳು ಒಂಬತ್ತು ದಿನ ಎಂಬುದು ನಮ್ಮ ರೂಢಿಯ ಲೆಕ್ಕ. ಈ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ತಿಂಗಳುಗಳಿಂದ ಎಣಿಸಿದರೆ ಸುಮಾರು 283 ದಿನಗಳಾಗುತ್ತವೆ. ಪಂಚಾಂಗದ ಚಾಂದ್ರಮಾಸಗಳಿಂದ ಎಣಿಸಿದರೆ ಸುಮಾರು 275 ದಿನಗಳು ಮಾತ್ರ. ಒಂದೇ ಮಾತು, ಎಂಟು ದಿನಗಳ ಅಂತರ! ಅಜ್ಜಿ ಅಮಾವಾಸ್ಯೆಯನ್ನು ನೋಡಿ ಎಣಿಸಿ, ಸೊಸೆ ಕ್ಯಾಲೆಂಡರನ್ನು ನೋಡಿ ಎಣಿಸಿದ ಮನೆಯಲ್ಲಿ ಅದೇ ಕೂಸು ಒಬ್ಬರ ಪಾಲಿಗೆ ಬೇಗ ಬಂದದ್ದಾಗಿಯೂ ಇನ್ನೊಬ್ಬರ ಪಾಲಿಗೆ ಸಕಾಲಕ್ಕೆ ಬಂದದ್ದಾಗಿಯೂ ಕಾಣಬಹುದು. ವೈದ್ಯರು ಇಂದಿಗೂ ಅನುಸರಿಸುವ ಎಣಿಕೆ ಜರ್ಮನಿಯ ಹೈಡಲ್‌ಬರ್ಗ್ ನಗರದಲ್ಲಿ ಪ್ರಸೂತಿಶಾಸ್ತ್ರದ ಅಧ್ಯಾಪಕನಾಗಿದ್ದ ಫ್ರಾನ್ಸ್ ಕಾರ್ಲ್ ನೇಗಲೆಯ ಹೆಸರಿನಿಂದ ಪ್ರಸಿದ್ಧವಾದದ್ದು: ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳನ್ನೂ ಏಳು ದಿನಗಳನ್ನೂ ಕೂಡಿಸುವುದು, ಅಂದರೆ ಸುಮಾರು 280 ದಿನ, ನಲವತ್ತು ವಾರ. ಇಪ್ಪತ್ತೆಂಟು ದಿನಗಳಿಗೊಮ್ಮೆ ತಪ್ಪದೆ ಮುಟ್ಟಾಗುವ ಹೆಣ್ಣಿಗೆ ಈ ಎಣಿಕೆ ಚೆನ್ನಾಗಿ ಒಪ್ಪುತ್ತದೆ. ಮೂವತ್ತೈದು ದಿನಗಳಿಗೊಮ್ಮೆ ಆಗುವವಳಿಗಾದರೋ ಗರ್ಭ ನಿಂತದ್ದೇ ಒಂದು ವಾರ ತಡವಾಗಿರುವುದರಿಂದ, ಅವಳ ಕೂಸು ತನ್ನ ಕಾಲಕ್ಕೆ ಸರಿಯಾಗಿ ಬಂದರೂ ಕಾಗದದ ಮೇಲೆ ಒಂದು ವಾರ ತಡವಾಗಿ ಬಂದಂತೆ ತೋರುತ್ತದೆ. ಅವಳ ಎರಡನೆಯ ಕೂಸೂ ಹಾಗೆಯೇ ತೋರುತ್ತದೆ. ಇಂಥ ಮನೆಗಳಲ್ಲಿ ಹೆರಿಗೆಯಿಂದ ಹೆರಿಗೆಗೆ ಪುನರಾವರ್ತನೆಯಾಗುತ್ತಿರುವುದು ಎಣಿಕೆಯ ತಪ್ಪು. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನಿಂದ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಬಹುದು.

ಎಣಿಕೆ ಸರಿಯಾಗಿದ್ದಾಗಲೂ ಪ್ರಕೃತಿ ಒಂದು ದಿನಕ್ಕೆ ಕಟ್ಟುಬೀಳುವುದಿಲ್ಲ. ನಮ್ಮ ಚರಕಸಂಹಿತೆ ಒಂಬತ್ತನೆಯ ಮಾಸದಿಂದ ಹತ್ತನೆಯ ಮಾಸದವರೆಗಿನ ಅವಧಿಯನ್ನೆಲ್ಲ ಪ್ರಸವಕಾಲವೆಂದು ಕರೆದದ್ದು ವಿವೇಕದ ಮಾತೆಂದೇ ನನ್ನ ಅಭಿಪ್ರಾಯ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1982ರಿಂದ 1985ರವರೆಗೆ, ಮಗುವನ್ನು ಬಯಸುತ್ತಿದ್ದ ಸ್ತ್ರೀಯರು ದಿನದಿನವೂ ಶೇಖರಿಸಿಕೊಟ್ಟ ಮೂತ್ರದ ಪರೀಕ್ಷೆಯಿಂದ ಅಂಡವು ಬಿಡುಗಡೆಯಾದ ದಿನವನ್ನೇ ಗುರುತಿಸಿದ ಒಂದು ಅಧ್ಯಯನ ನಡೆಯಿತು. ಬಹುಕಾಲದ ಮೇಲೆ, 2013ರಲ್ಲಿ, ಅವರಲ್ಲಿ 125 ಗರ್ಭಗಳ ಅವಧಿಯನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಅಂಡವಿಮೋಚನೆಯಿಂದ ಪ್ರಸವದವರೆಗಿನ ಮಧ್ಯಮ ಕಾಲ 268 ದಿನ. ಆದರೆ ದಿನ ತುಂಬದೆ ಹುಟ್ಟಿದವನ್ನು ಬಿಟ್ಟ ಮೇಲೆಯೂ, ಎಲ್ಲಕ್ಕಿಂತ ಬೇಗನೆ ಹುಟ್ಟಿದ್ದಕ್ಕೂ ಎಲ್ಲಕ್ಕಿಂತ ನಿಧಾನವಾಗಿ ಹುಟ್ಟಿದ್ದಕ್ಕೂ ನಡುವಣ ವ್ಯತ್ಯಾಸ ಐದು ವಾರಗಳಿಗೂ ಮೀರಿತ್ತು. ಗರ್ಭ ನಿಂತ ದಿನವನ್ನು ಇಷ್ಟು ನಿಖರವಾಗಿ ಬಲ್ಲವರಲ್ಲಿಯೇ ಸ್ಥಿತಿ ಹೀಗಿರುವಾಗ, ಹನ್ನೆರಡು ದಿನದ ಹೆಚ್ಚುಕಡಮೆಗೆ ಯಾವ ತಾಯಿಯೂ ಉತ್ತರ ಹೇಳಬೇಕಾದದ್ದಿಲ್ಲ.

ನಮ್ಮ ಪ್ರಶ್ನೆಗೆ ಉತ್ತರದ ಒಂದು ಎಳೆಯೂ ಅದೇ ಅಧ್ಯಯನದಲ್ಲಿ ದೊರೆಯುತ್ತದೆ. ಯಾವ ಸ್ತ್ರೀಯ ಉಳಿದ ಹೆರಿಗೆಗಳು ಸರಾಸರಿಗಿಂತ ಒಂದು ವಾರ ತಡವಾಗಿದ್ದುವೋ ಅವಳ ಈ ಹೆರಿಗೆ ಸರಾಸರಿಗಿಂತ ಸುಮಾರು ಎರಡೂವರೆ ದಿನ ತಡವಾಗುತ್ತಿತ್ತು. ಅಜ್ಜಿಯ ಹನ್ನೆರಡು ದಿನಗಳನ್ನು ಈ ತಕ್ಕಡಿಯಲ್ಲಿಟ್ಟು ತೂಗಿದರೆ ಎರಡನೆಯ ಕೂಸಿನ ವಿಷಯದಲ್ಲಿ ಅವು ನಾಲ್ಕು ದಿನಗಳಿಗೆ ಇಳಿಯುತ್ತವೆ. ಬಹಳ ಎತ್ತರದ ತಂದೆಯ ಮಗ ಎತ್ತರವಾಗಿಯೇ ಬೆಳೆದರೂ ತಂದೆಯಷ್ಟು ಎತ್ತರಕ್ಕೆ ಸಾಮಾನ್ಯವಾಗಿ ಏರದಿರುವಂತೆ, ಮೊದಲ ಹೆರಿಗೆಯ ವೈಪರೀತ್ಯದಲ್ಲಿ ಒಂದಂಶ ಮಾತ್ರ ಎರಡನೆಯದಕ್ಕೆ ಹರಿದುಬಂದು, ಉಳಿದದ್ದು ಆ ಒಂದು ಸಲದ ಆಕಸ್ಮಿಕವಾಗಿ ಕರಗಿಹೋಗುತ್ತದೆ. ಇದಲ್ಲದೆ ಚೊಚ್ಚಲ ಹೆರಿಗೆ ಸ್ವಭಾವತಃ ಕೊಂಚ ನಿಧಾನದ್ದು: ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ತೊಡಕಿಲ್ಲದ ಚೊಚ್ಚಲ ಬಸುರು 288 ದಿನಗಳೂ ಆಮೇಲಿನವು 283 ದಿನಗಳೂ ನಡೆದುದು ಕಂಡುಬಂದಿತು. ಆದುದರಿಂದ ಅಜ್ಜಿಯ ಭವಿಷ್ಯವಾಣಿ ಪೂರ್ತಿ ಸುಳ್ಳಲ್ಲ. ಅದರ ಗಾತ್ರ ಮಾತ್ರ ಅವಳೆಣಿಸಿದುದಕ್ಕಿಂತ ಚಿಕ್ಕದು.

ಈ ಒಂದಂಶವಾದರೂ ಏಕೆ ಹರಿದುಬರುತ್ತದೆ? ತಾಯಿ ಅವಳೇ, ಗರ್ಭಕೋಶ ಅದೇ ಎಂಬುದು ಮೊದಲ ಉತ್ತರ. ಆದರೆ ಹೊರಡುವ ಹೊತ್ತನ್ನು ನಿರ್ಣಯಿಸುವವರಲ್ಲಿ ಮಗುವೂ ಒಂದೆಂಬುದನ್ನು ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು: ಗರ್ಭದಲ್ಲಿದ್ದ ಮರಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದರೆ ತಾಯಿಕುರಿ ಸಕಾಲದಲ್ಲಿ ಈಯಲೇ ಇಲ್ಲ. ಮಗುವಿನ ಬೀಜದಲ್ಲಿ ಅರ್ಧ ತಂದೆಯದಾದುದರಿಂದ ತಂದೆಯ ಪಾಲೂ ಇಲ್ಲಿ ಸೇರುತ್ತದೆ. ನಾರ್ವೆ ದೇಶದವರು 1967ರಿಂದ ತಮ್ಮಲ್ಲಿ ಹುಟ್ಟಿದ ಪ್ರತಿಯೊಂದು ಶಿಶುವಿನ ವೃತ್ತಾಂತವನ್ನೂ ಬರೆದಿಟ್ಟುಕೊಂಡು ಬಂದಿದ್ದಾರೆ. ಆ ದಾಖಲೆಗಳಲ್ಲಿ ತಲೆಮಾರಿಗೆ ತಲೆಮಾರನ್ನು ಜೋಡಿಸಿ ನೋಡಿದಾಗ, ತಾಯಿ ತಾನು ಹುಟ್ಟುವಾಗ ಒಂದು ವಾರ ಹೆಚ್ಚು ಗರ್ಭದಲ್ಲಿದ್ದವಳಾದರೆ ಅವಳ ಕೂಸು ಸುಮಾರು ಒಂದೂಕಾಲು ದಿನವೂ, ತಂದೆ ಹಾಗಿದ್ದವನಾದರೆ ಸುಮಾರು ಅರ್ಧ ದಿನವೂ ಹೆಚ್ಚು ಇರುತ್ತದೆಂದು ತಿಳಿದುಬಂದಿತು. ಡೆನ್ಮಾರ್ಕಿನಲ್ಲಿ, ಮೊದಲ ಕೂಸು ನಲವತ್ತೆರಡು ವಾರ ಕಳೆದು ಹುಟ್ಟಿದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಮಂದಿಗೆ ಎರಡನೆಯದೂ ಹಾಗೆಯೇ ಆಯಿತು, ಇತರರಲ್ಲಿ ಸುಮಾರು ಎಂಟು ಮಂದಿಗೆ. ಆದರೆ ಎರಡನೆಯ ಮಗುವಿನ ತಂದೆ ಬೇರೆಯವನಾದಾಗ ಆ ಇಪ್ಪತ್ತು ಹದಿನೈದಕ್ಕೆ ಇಳಿಯಿತು. ಹೊತ್ತು ತಪ್ಪಿದ ಹೆರಿಗೆಗೆ ಹೆಣ್ಣೊಬ್ಬಳನ್ನೇ ಹೊಣೆಮಾಡಿ ಮಾತಾಡುವ ಮನೆಗಳು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ.

ಇಷ್ಟು ಹೊತ್ತು ದಿನಗಳ ಮಾತಾಯಿತು. ವಾರಗಳ ಮಾತೇ ಬೇರೆ. ಮೂವತ್ತೇಳು ವಾರ ತುಂಬುವುದಕ್ಕೆ ಮೊದಲೇ ಆಗತಕ್ಕ ಹೆರಿಗೆಯನ್ನು ಅವಧಿಪೂರ್ವ ಪ್ರಸವವೆನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಶಿಶುಗಳು ಸುಮಾರು 1 ಕೋಟಿ 34 ಲಕ್ಷ, ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಇಲ್ಲಿ ಮೊದಲ ಹೆರಿಗೆಯ ಸಾಕ್ಷ್ಯಕ್ಕೆ ನಿಜವಾದ ಬಲವಿದೆ. ನಾರ್ವೆಯ ದಾಖಲೆಗಳೂ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ದಾಖಲೆಗಳೂ ಹೇಳುವುದು ಹೆಚ್ಚುಕಡಮೆ ಒಂದೇ: ಮೊದಲನೆಯದು ದಿನ ತುಂಬಿ ಆದವರಲ್ಲಿ ನೂರಕ್ಕೆ ಐದರ ಆಸುಪಾಸು ಮಂದಿಗೆ ಎರಡನೆಯದು ಅವಧಿಗೆ ಮುಂಚೆ ಆಗುತ್ತದೆ; ಮೊದಲನೆಯದು ಹಾಗಾದವರಲ್ಲಿ ಹದಿನೈದರ ಆಸುಪಾಸು; ಎರಡೂ ಹಾಗಾದವರಲ್ಲಿ, ಮೂರನೆಯದರ ವಿಷಯದಲ್ಲಿ, ಮೂವತ್ತರ ಸಮೀಪ. ಗಂಡಾಂತರ ಮೂರುಪಟ್ಟಾಯಿತೆಂಬುದು ನಿಜ. ಆದರೆ ಒಂದು ಬಾರಿ ಹಾಗಾದ ನೂರು ಮಂದಿ ತಾಯಂದಿರಲ್ಲಿ ಎಂಬತ್ತೈದು ಮಂದಿ ಮುಂದಿನ ಸಲ ದಿನ ತುಂಬಿಯೇ ಹೆರುತ್ತಾರೆಂಬುದೂ ಅಷ್ಟೇ ನಿಜ. ಭಯಪಟ್ಟ ಹೆಣ್ಣುಮಗಳಿಗೆ ಮೊದಲು ಹೇಳಬೇಕಾದದ್ದು ಈ ಎರಡನೆಯ ನಿಜವನ್ನು.

ಸಂಖ್ಯೆಗಿಂತಲೂ ಮುಖ್ಯವಾದದ್ದು ಕಾರಣ. ಅವಳಿ ಮಕ್ಕಳ ಭಾರಕ್ಕೆ ಗರ್ಭಕೋಶ ಅತಿಯಾಗಿ ಹಿಗ್ಗಿ ಬೇಗನೆ ಆದ ಹೆರಿಗೆ, ಮುಂದೆ ಒಂಟಿ ಕೂಸನ್ನು ಹೊತ್ತಾಗ ಅದೇ ತೂಕದ ಸಾಕ್ಷಿಯಾಗಲಾರದು. ರಕ್ತದ ಒತ್ತಡ ಏರಿತೆಂದು ವೈದ್ಯರೇ ಮುಂಚೆ ಹೆರಿಗೆ ಮಾಡಿಸಿದ್ದರೆ ಅದು ಗರ್ಭಕೋಶದ ಅವಸರವಲ್ಲ. ಮುಂದಿನ ಸಲ ಕಾಯಬೇಕಾದದ್ದು ಒತ್ತಡವನ್ನು. ಇವು ಯಾವುವೂ ಇಲ್ಲದೆ, ನೋವು ತಾನಾಗಿ ಕಾಣಿಸಿಕೊಂಡೋ ನೀರು ತಾನಾಗಿ ಒಡೆದೋ ಆದ ಅವಧಿಪೂರ್ವ ಪ್ರಸವ ತಾನಾಗಿ ಮರುಕಳಿಸುವ ಸ್ವಭಾವವುಳ್ಳದ್ದು.

ಈ ಮರುಕಳಿಕೆಯನ್ನೇ ದಿಟ್ಟಿಸಿ ನೋಡಿ ಅದರಿಂದ ಒಂದು ಚಿಕಿತ್ಸೆಯನ್ನು ಕಂಡುಹಿಡಿದ ಕೀರ್ತಿ ನಮ್ಮ ನಾಡಿನ ನಂಟಿದ್ದ ವೈದ್ಯರೊಬ್ಬರಿಗೆ ಸಲ್ಲುತ್ತದೆ. ಗೋವೆಯ ಶಿರೋಡ ಗ್ರಾಮದಲ್ಲಿ 1899ರಲ್ಲಿ ಹುಟ್ಟಿ, ನಮ್ಮ ಹುಬ್ಬಳ್ಳಿಯಲ್ಲಿ ಬಾಲ್ಯದ ವಿದ್ಯಾಭ್ಯಾಸವನ್ನು ಮಾಡಿ, ಮುಂಬಯಿಯಲ್ಲಿ ವೈದ್ಯರಾದ ವಿಠ್ಠಲ ನಾಗೇಶ ಶಿರೋಡಕರರು, ನಾಲ್ಕನೆಯ ತಿಂಗಳಿಗೂ ಏಳನೆಯ ತಿಂಗಳಿಗೂ ನಡುವೆ ಮತ್ತೆ ಮತ್ತೆ ಗರ್ಭವನ್ನು ಕಳೆದುಕೊಳ್ಳುತ್ತಿದ್ದ ಸ್ತ್ರೀಯರನ್ನು ಕಂಡರು. ವಿಶ್ರಾಂತಿಯಿಂದ ಫಲವಿಲ್ಲ, ಔಷಧದಿಂದ ಫಲವಿಲ್ಲ. ಒಂದು ಸಲ ಆದದ್ದು ಆಕಸ್ಮಿಕವಾಗಿರಬಹುದು. ಪ್ರತಿಯೊಂದು ಸಲವೂ ಅದೇ ತಿಂಗಳುಗಳಲ್ಲಿ ಆಗುವುದಾದರೆ ಅದೇ ದೇಹದಲ್ಲಿ ಸ್ಥಿರವಾದೊಂದು ಕಾರಣ ನಿಂತಿರಲೇಬೇಕಷ್ಟೆ! ಆ ಕಾರಣವನ್ನು ಅವರು ಗರ್ಭಕೋಶದ ಕೊರಳಿನಲ್ಲಿ ಕಂಡರು. ಬೆಳೆಯುತ್ತಿರುವ ಗರ್ಭದ ಭಾರಕ್ಕೆ ಆ ಕೊರಳು, ನೋವಿನ ಸುಳಿವೂ ಇಲ್ಲದೆ, ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತಿತ್ತು. ರೋಗಿಯ ತೊಡೆಯ ಸ್ನಾಯುವನ್ನು ಹೊದ್ದಿರುವ ಗಟ್ಟಿಯಾದ ಪೊರೆಯಿಂದಲೇ ಒಂದು ಪಟ್ಟಿಯನ್ನು ತೆಗೆದು, ಅಜ್ಜಿ ಸಂಚಿಯ ಬಾಯಿಯನ್ನು ದಾರದಿಂದ ಬಿಗಿಯುವಂತೆ, ಆ ಕೊರಳಿನ ಸುತ್ತ ಬಿಗಿದು ಕಟ್ಟಿದರು. ದಿನ ತುಂಬುವ ಹೊತ್ತಿಗೆ ಕಟ್ಟನ್ನು ಬಿಡಿಸಿದರಾಯಿತು. ಈ ಕ್ರಮವನ್ನು ಅವರು ವೈದ್ಯಲೋಕಕ್ಕೆ ತಿಳಿಸಿದ್ದು 1955ರಲ್ಲಿ, ಮದರಾಸಿನ ‘ಆಂಟಿಸೆಪ್ಟಿಕ್’ ಎಂಬ ಪತ್ರಿಕೆಯ ಮೂಲಕ. ಎರಡು ವರ್ಷಗಳ ಬಳಿಕ ಆಸ್ಟ್ರೇಲಿಯದ ಇಯಾನ್ ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ಹೊಲಿಗೆಯೊಂದನ್ನು ಸೂಚಿಸಿದರು. ಆದರೂ ‘ಶಿರೋಡಕರ್ ಹೊಲಿಗೆ’ ಎಂಬ ಹೆಸರು ಜಗತ್ತಿನ ಪ್ರಸೂತಿಗೃಹಗಳಲ್ಲೆಲ್ಲ ಇಂದಿಗೂ ನಡೆಯುತ್ತಿದೆ. ಸತತವಾಗಿ ಮಡಿಲು ಬರಿದಾದ ಹೆಣ್ಣನ್ನು ದುರದೃಷ್ಟೆಯೆಂದು ಕರೆದು ಕೈಬಿಡುತ್ತಿದ್ದ ಕಾಲದಲ್ಲಿ, ಅವಳು ಹೇಳಿಕೊಂಡ ಕಥೆಯನ್ನು ಸಾಕ್ಷ್ಯವೆಂದು ಭಾವಿಸಿ ಕೇಳಿದ ಆ ಕಿವಿಯನ್ನು ನಾನು ಆ ಕೈಯ ಕೌಶಲಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ.

ಇಂದು ಉಪಾಯಗಳು ಹೆಚ್ಚಿವೆ. ಹಿಂದೆ ಅವಧಿಗೆ ಮುಂಚೆ ಹೆತ್ತವಳ ಗರ್ಭಕೋಶದ ಕೊರಳು ಮೋಟಾಗುತ್ತಿದೆಯೇ ಎಂಬುದನ್ನು ನಡುವಣ ತಿಂಗಳುಗಳಲ್ಲಿ ಸ್ಕ್ಯಾನಿಂಗಿನಿಂದ ಅಳೆದು ನೋಡುತ್ತಾರೆ. ಮೋಟಾಗಿದ್ದರೆ ಪ್ರೊಜೆಸ್ಟರಾನ್ ಔಷಧವನ್ನೋ ಹೊಲಿಗೆಯನ್ನೋ ಯೋಚಿಸುತ್ತಾರೆ. ಹೆರಿಗೆಯನ್ನು ತಡೆಯಲಾಗದೆ ಹೋದರೂ, ಮೊದಲೇ ಎಚ್ಚರಗೊಂಡಿದ್ದರೆ, ಮಗುವಿನ ಶ್ವಾಸಕೋಶವನ್ನು ಬೇಗ ಹದಗೊಳಿಸುವ ಚುಚ್ಚುಮದ್ದನ್ನು ತಾಯಿಗೆ ಕೊಡಲು ಅವಕಾಶ ದೊರೆಯುತ್ತದೆ. ಇದೂ ಅದೇ ಲಿಗಿನ್ಸ್ ತಮ್ಮ ಸಹೋದ್ಯೋಗಿ ರಾಸ್ ಹೋವಿಯವರೊಡನೆ 1972ರಲ್ಲಿ ಪ್ರಕಟಿಸಿದ ಚಿಕಿತ್ಸೆ. ಇನ್ನು ಮನೆಯವರ ಕೈಯಲ್ಲಿಯೇ ಇರುವ ಉಪಾಯವೊಂದುಂಟು. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಬಿಡುವಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಾಣಂತಿತನ ಮುಗಿದ ಕೆಲವೇ ತಿಂಗಳಲ್ಲಿ ಮತ್ತೆ ಬಸುರಾದವರಲ್ಲಿ ದಿನ ತುಂಬದ ಹೆರಿಗೆ ಹೆಚ್ಚಾಗಿ ಕಂಡುಬರುತ್ತದೆ.

ಅಜ್ಜಿಯ ಜ್ಞಾಪಕಶಕ್ತಿಗೆ ಇಲ್ಲಿ ದೊಡ್ಡ ಕೆಲಸವಿದೆ. ಮೊದಲ ಹೆರಿಗೆ ಎಷ್ಟನೆಯ ವಾರದಲ್ಲಾಯಿತು, ನೋವು ಮೊದಲು ಬಂದಿತೋ ನೀರು ಮೊದಲು ಹೋಯಿತೋ, ವೈದ್ಯರು ತಾವಾಗಿ ಹೆರಿಗೆ ಮಾಡಿಸಿದರೋ, ಕೂಸಿನ ತೂಕವೆಷ್ಟು, ಅದಕ್ಕೂ ಹಿಂದೆ ಯಾವುದಾದರೂ ಗರ್ಭ ನಡುವಿನಲ್ಲೇ ಇಳಿದುಹೋಗಿತ್ತೋ ಎಂಬುದನ್ನೆಲ್ಲ ಆ ಮನೆಯಲ್ಲಿ ಅವಳಷ್ಟು ಸ್ಪಷ್ಟವಾಗಿ ಬಲ್ಲವರು ಬೇರೆ ಯಾರೂ ಇರಲಾರರು. ಮುಟ್ಟು ನಿಂತ ಮೇಲೆ ಆಸ್ಪತ್ರೆಗೆ ಹೋಗುವ ಮೊದಲನೆಯ ದಿನವೇ, ತಾಯಿ ಕಾರ್ಡು ಬರೆಯುವ ದಾದಿಯ ಎದುರಿಗೆ ಇದನ್ನೆಲ್ಲ ಹೇಳಬೇಕು. ಹಿಂದಿನ ಆಸ್ಪತ್ರೆಯವರು ಬಿಡುಗಡೆಯ ದಿನ ಕೊಟ್ಟ ಕಾಗದ ಟ್ರಂಕಿನ ಅಡಿಯಲ್ಲೆಲ್ಲಾದರೂ ಮಡಿಸಿಟ್ಟಿದ್ದರೆ ಅದನ್ನು ಹುಡುಕಿ ತೆಗೆದು ಜೊತೆಯಲ್ಲಿ ಒಯ್ಯಬೇಕು.