15 ತಿಂಗಳ ಲೆಕ್ಕ

ಮೊನ್ನೆ ನಮ್ಮ ಕಾರ್ಯಕ್ರಮದಲ್ಲಿ ಒಂದು ಗ್ರಾಫಿಕ್ಸ್ ಹಾಕಿದ್ವಿ, ನೀವೂ ನೋಡಿರ್ತೀರಿ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಉಳಿದವರು. ಸೈನಿಕರು ಇಷ್ಟು, ಟ್ಯಾಂಕುಗಳು ಇಷ್ಟು, ಯುದ್ಧವಿಮಾನಗಳು ಇಷ್ಟು. ಹಿಂದೆ ಜೋರು ಮ್ಯೂಸಿಕ್ಕು. ಕಾರ್ಯಕ್ರಮ ಮುಗಿದ ಮೇಲೆ ವೀಕ್ಷಕರೊಬ್ಬರು ಮೆಸೇಜ್ ಹಾಕಿ ಕೇಳಿದ್ರು, ಇಷ್ಟು ದೊಡ್ಡ ಸೈನ್ಯ ಇರೋ ದೇಶ ಇರಾಕ್, ಅಫ್ಘಾನಿಸ್ತಾನ ಅಂತ ಎರಡು ಕಡೆ ಕಾದಾಡಿದ್ದಕ್ಕೇ ಸುಸ್ತಾಗಿದ್ದು ಯಾಕೆ ಅಂತ. ಒಳ್ಳೆ ಪ್ರಶ್ನೆ. ನಮ್ಮ ಗ್ರಾಫಿಕ್ಸ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಉತ್ತರ ಬೇಕು ಅಂದ್ರೆ 2007ರ ಏಪ್ರಿಲ್‌ಗೆ ಹೋಗಬೇಕು. ಆಗ ಅಮೆರಿಕದ ರಕ್ಷಣಾ ಸಚಿವರಾಗಿದ್ದವರು ರಾಬರ್ಟ್ ಗೇಟ್ಸ್. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿರುವ ಭೂಸೇನೆಯ ಸೈನಿಕರ ಅವಧಿಯನ್ನು 12 ತಿಂಗಳಿಂದ 15 ತಿಂಗಳಿಗೆ ಏರಿಸಿದ್ದೇವೆ ಅಂತ ಅವರು ಘೋಷಿಸಿದರು. ಮುಂದೆ ಹೋಗುವವರಿಗೆ ಮಾತ್ರ ಅಲ್ಲ, ಆಗಲೇ ಅಲ್ಲಿದ್ದವರಿಗೂ ಇದು ಅನ್ವಯ. ಇನ್ನು ಇಷ್ಟೇ ದಿನ ಅಂತ ಕ್ಯಾಲೆಂಡರ್ ಹೊಡೆದುಹಾಕುತ್ತಿದ್ದವನಿಗೆ ಇನ್ನೂ ಮೂರು ತಿಂಗಳು ಇರಪ್ಪಾ ಅಂದ ಹಾಗೆ. ಕಮಾಂಡರ್‌ಗಳು ಈ ಸುದ್ದಿಯನ್ನು 48 ಗಂಟೆ ಮೊದಲೇ ಸೈನಿಕರಿಗೆ ತಿಳಿಸಬೇಕು ಅನ್ನೋದು ಯೋಜನೆಯಾಗಿತ್ತು. ಅಷ್ಟರಲ್ಲಿ ವಿಷಯ ಸೋರಿಕೆಯಾಗಿ ನಮ್ಮ ವೃತ್ತಿಯವರ ಕೈಗೆ ಸಿಕ್ಕಿತು. ಸೋರಿಸಿದವರ ಮೇಲೆ ಗೇಟ್ಸ್ ಬಹಿರಂಗವಾಗಿಯೇ ರೇಗಿದರು. ನ್ಯೂಸ್ ಓದುವವನಾಗಿ ನನಗೆ ಈ ಪ್ರಸಂಗ ಸ್ವಲ್ಪ ಚುಚ್ಚುತ್ತೆ. ಅದು ನಮಗೆ ಬ್ರೇಕಿಂಗ್ ನ್ಯೂಸ್, ಯಾರದೋ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ.

ಯಾಕೆ ಹೀಗಾಯ್ತು? ಲೆಕ್ಕ ನೋಡಿ. ಸೈನಿಕ ಒಂದು ವರ್ಷ ಯುದ್ಧಭೂಮಿಯಲ್ಲಿದ್ದರೆ ಎರಡು ವರ್ಷ ತವರಿನಲ್ಲಿರಬೇಕು ಅನ್ನೋದು ಆಗ ಅಲ್ಲಿನ ಭೂಸೇನೆಯ ಗುರಿಯಾಗಿತ್ತು. ಅಂದ್ರೆ ಹೊರಗೆ ಒಬ್ಬನನ್ನು ನಿಲ್ಲಿಸಬೇಕಾದರೆ ಮೂವರು ಬೇಕು. ಒಬ್ಬ ಅಲ್ಲಿ, ಒಬ್ಬ ವಾಪಸ್ ಬಂದು ಸುಧಾರಿಸಿಕೊಳ್ತಿದ್ದಾನೆ, ಇನ್ನೊಬ್ಬ ಹೊರಡೋಕೆ ತರಬೇತಿ ಪಡೀತಿದ್ದಾನೆ. 2007ರ ಅಕ್ಟೋಬರ್ ಹೊತ್ತಿಗೆ ಇರಾಕ್‌ನಲ್ಲಿದ್ದ ಅಮೆರಿಕದ ಸೈನಿಕರು ಸುಮಾರು 1 ಲಕ್ಷ 70 ಸಾವಿರ. ಮೂರರಿಂದ ಗುಣಿಸಿ, 5 ಲಕ್ಷ ದಾಟುತ್ತೆ. ಅಫ್ಘಾನಿಸ್ತಾನ ಸೇರಿಸಿಲ್ಲ, ಕೊರಿಯಾ, ಜರ್ಮನಿ, ಜಪಾನ್ ಸೇರಿಸಿಲ್ಲ. ಅವರ ಕಾಯಂ ಭೂಸೇನೆಯ ಒಟ್ಟು ಬಲವೇ ಆಗ 5 ಲಕ್ಷದ ಆಸುಪಾಸು! ಅದರಲ್ಲೂ ತರಬೇತಿ ಶಾಲೆ, ಆಸ್ಪತ್ರೆ, ಉಗ್ರಾಣ ನೋಡಿಕೊಳ್ಳುವವರು ಬೇಕಲ್ಲ. ಮರೀನ್ ಪಡೆ, ನ್ಯಾಷನಲ್ ಗಾರ್ಡ್ ಎಲ್ಲವನ್ನೂ ಎಳೆದು ತಂದರೂ ಬಟ್ಟೆ ಸಾಲಲಿಲ್ಲ. ಕಾಲು ಮುಚ್ಚಿದರೆ ತಲೆ ಬರಿದು. ಕೊನೆಗೆ 15 ತಿಂಗಳು ಹೊರಗೆ, 12 ತಿಂಗಳು ಮನೆ ಅನ್ನುವ ತಲೆಕೆಳಗಾದ ಲೆಕ್ಕಕ್ಕೆ ಬಂದು ನಿಂತರು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಫೆಟೀಗ್ ಅಂತ ಒಂದು ಪಾಠ ಬರುತ್ತೆ. ಒಂದೇ ಏಟಿಗೆ ಮುರಿಯದ ಕಬ್ಬಿಣ, ಅದಕ್ಕಿಂತ ಕಡಿಮೆ ಭಾರವನ್ನೇ ಮತ್ತೆ ಮತ್ತೆ ಹಾಕಿದರೆ ಮುರಿಯುತ್ತೆ. ಬಿರುಕು ಮೊದಲು ಕಣ್ಣಿಗೆ ಕಾಣೋದೇ ಇಲ್ಲ. ಸೈನ್ಯದಲ್ಲಿ ಆ ಬಿರುಕು ಎಲ್ಲಿ ಬಿಡುತ್ತೆ ಗೊತ್ತಾ? ಟ್ಯಾಂಕಿನಲ್ಲಲ್ಲ, ಕ್ಯಾಪ್ಟನ್‌ಗಳಲ್ಲಿ. 30ರ ಆಸುಪಾಸಿನ, ನನ್ನ ವಯಸ್ಸಿನವರು. ಎರಡು ಮೂರು ಸಲ ಯುದ್ಧಕ್ಕೆ ಹೋಗಿಬಂದವರು, ಸಾಕು ಅಂತ ರಾಜೀನಾಮೆ ಕೊಡೋಕೆ ಶುರು ಮಾಡಿದರು. ಉಳಿಸಿಕೊಳ್ಳೋಕೆ 35 ಸಾವಿರ ಡಾಲರ್‌ವರೆಗೆ ಬೋನಸ್ ಕೊಡಬೇಕಾಯ್ತು. ಟ್ಯಾಂಕನ್ನು ಆರ್ಡರ್ ಕೊಟ್ಟು ತರಿಸಬಹುದು ಸ್ವಾಮಿ, ಹತ್ತು ವರ್ಷ ಅನುಭವ ಇರೋ ಅಧಿಕಾರಿ ಬೇಕು ಅಂದ್ರೆ ಹತ್ತು ವರ್ಷವೇ ಕಾಯಬೇಕು.

ಕೆಳಗಿನವರ ಕಥೆಯೂ ಅದೇ. 2005ರಲ್ಲಿ 80 ಸಾವಿರ ಜನರ ನೇಮಕಾತಿ ಗುರಿ, ಸಿಕ್ಕವರು ಸುಮಾರು 73 ಸಾವಿರ. ಮರುವರ್ಷ ಸೇರುವ ವಯೋಮಿತಿಯನ್ನು 42ಕ್ಕೆ ಏರಿಸಿದರು. ಕರಾರು ಮುಗಿದವರನ್ನೂ 'ಸ್ಟಾಪ್‌ಲಾಸ್' ಎಂಬ ನಿಯಮದ ಅಡಿಯಲ್ಲಿ ಹಿಡಿದಿಟ್ಟುಕೊಂಡರು.

ಇಷ್ಟಾದರೂ ಅಮೆರಿಕದ ಸೈನ್ಯ ಮುರಿದುಬಿತ್ತಾ? ಇಲ್ಲ. ಅದನ್ನೂ ಹೇಳಬೇಕು. 2008ರ ಆಗಸ್ಟ್‌ನಿಂದ ಹೊರಟವರಿಗೆ ಅವಧಿ ಮತ್ತೆ 12 ತಿಂಗಳಾಯ್ತು. ಸೈನ್ಯದ ಗಾತ್ರವನ್ನೂ ಹೆಚ್ಚಿಸಿದರು. ಆದರೆ ನಡುವೆ ಕೊಟ್ಟ ಬೆಲೆ ಇದೆಯಲ್ಲ, ಅದು ಇರಾಕ್‌ನಲ್ಲಿ ಕಾಣಲಿಲ್ಲ. 2007ರ ಡಿಸೆಂಬರ್‌ನಲ್ಲಿ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲ್ಲೆನ್ ಸಂಸತ್ತಿನ ಮುಂದೆ ಒಪ್ಪಿಕೊಂಡರು, ಇರಾಕ್‌ನಲ್ಲಿ ಮಾಡಲೇಬೇಕಾದ್ದನ್ನು ಮಾಡ್ತೇವೆ, ಅಫ್ಘಾನಿಸ್ತಾನದಲ್ಲಿ ಆದಷ್ಟು ಮಾಡ್ತೇವೆ ಅಂತ. ಆ 'ಆದಷ್ಟು' ಅನ್ನೋ ಪದದೊಳಗೆ ತಾಲಿಬಾನ್ ಮತ್ತೆ ಬೇರು ಬಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೀನ್ಸ್‌ಬರ್ಗ್ ಊರು ಸುಂಟರಗಾಳಿಗೆ ನೆಲಸಮವಾದಾಗ, ನಮ್ಮ ನ್ಯಾಷನಲ್ ಗಾರ್ಡ್‌ನ ಎಷ್ಟೋ ವಾಹನಗಳು ಇರಾಕ್‌ಗೆ ಹೋಗಿವೆ, ಪರಿಹಾರ ಕೆಲಸ ನಿಧಾನವಾಗ್ತಿದೆ ಅಂತ ಗವರ್ನರ್ ದೂರಿದರು. ಶ್ವೇತಭವನ ಒಪ್ಪಲಿಲ್ಲ, ಆ ಮಾತು ಬೇರೆ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? 2003ರಲ್ಲಿ ಇದೇ ಇರಾಕ್‌ಗೆ ಒಂದು ಡಿವಿಷನ್, ಅಂದ್ರೆ ಸುಮಾರು 17 ಸಾವಿರ ಸೈನಿಕರನ್ನು ಕಳಿಸಿ ಅಂತ ಅಮೆರಿಕ ನಮ್ಮನ್ನು ಕೇಳಿತ್ತು. ಕಳಿಸಬೇಕು ಅಂತ ದೆಹಲಿಯಲ್ಲಿ ವಾದ ಮಾಡಿದವರೂ ಇದ್ದರು. ಜುಲೈ 14ರಂದು ವಾಜಪೇಯಿ ಅವರ ಸಂಪುಟದ ಭದ್ರತಾ ಸಮಿತಿ ಆಗೋದಿಲ್ಲ ಅಂತ ತೀರ್ಮಾನಿಸಿತು. ಸ್ಪಷ್ಟವಾದ ವಿಶ್ವಸಂಸ್ಥೆಯ ಆದೇಶ ಬಂದರೆ ನೋಡೋಣ ಅನ್ನೋದು ಅಧಿಕೃತ ಉತ್ತರ. ಆದರೆ ಆ ಕೋಣೆಯಲ್ಲಿ ಕೂತವರಿಗೆ ಶ್ರೀಲಂಕಾ ಮರೆತಿರಲಿಕ್ಕಿಲ್ಲ. 1987ರಲ್ಲಿ ಶಾಂತಿಪಾಲನೆಗೆ ಅಂತ ಹೋದ ನಮ್ಮ ಪಡೆ ಬೆಳೆಯುತ್ತಾ ಬೆಳೆಯುತ್ತಾ ನಾಲ್ಕು ಡಿವಿಷನ್ ಆಯ್ತು. ಅದೇ ಕಾಲಕ್ಕೆ ಇತ್ತ ಸಿಯಾಚಿನ್ ಕಾಯಬೇಕು, ಪಂಜಾಬ್ ಉರೀತಿತ್ತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬರುವ ಹೊತ್ತಿಗೆ ಸುಮಾರು 1,200 ಯೋಧರು ಪ್ರಾಣ ಕೊಟ್ಟಿದ್ದರು, ಕಾಶ್ಮೀರ ಹೊತ್ತಿಕೊಂಡಿತ್ತು.

ನಾಳೆ ಇನ್ನೊಂದು ಚರ್ಚೆ ಇದೆ. ಮತ್ತದೇ ಗ್ರಾಫಿಕ್ಸ್ ಬರುತ್ತೆ. ಅದರಲ್ಲಿ ಎಷ್ಟು ಜನ ಎಷ್ಟನೇ ಸಲ ಹೋಗಿದ್ದಾರೆ ಅನ್ನೋದಕ್ಕೂ ಒಂದು ಕಾಲಂ ಮಾಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೀನಿ. ಸ್ಕ್ರೀನ್‌ನಲ್ಲಿ ಜಾಗ ಇಲ್ಲ ಸಾರ್, ಯಾವುದಾದ್ರೂ ಒಂದು ತೆಗೀಬೇಕು ಅಂದ್ರು. ಟ್ಯಾಂಕ್ ತೆಗೀರಿ ಅಂದೆ.