ಕರೆಂಟ್ ಬಿಲ್ಲಿನಲ್ಲಿ ಕಾಣದ ಹೊಗೆ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಮನೆ ಮತ್ತು ಹವಾಮಾನ ಬದಲಾವಣೆ" ಎಂಬ ವಿಷಯ ಕೊಟ್ಟು ಹದಿನೈದು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ. ಆಮೇಲೆ ಭಜನೆ ಇದೆ, ಅದರ ನಂತರ ಉಪಾಹಾರವೂ ಇದೆ, ಗೊತ್ತು. ಹಾಗಾಗಿ ಹಿಮಕರಡಿಯ ತನಕ ಹೋಗುವುದಿಲ್ಲ. ನಮ್ಮ ಅಡುಗೆಮನೆ, ಮಲಗುವ ಕೋಣೆ, ಟೆರೇಸು, ಇಷ್ಟರಲ್ಲೇ ನನ್ನ ಮಾತು.

ಮೊದಲಿಗೆ ಒಂದು ಲೆಕ್ಕ. 14.2 ಕೆಜಿಯ ಒಂದು ಗ್ಯಾಸ್ ಸಿಲಿಂಡರ್ ಉರಿದು ಮುಗಿಯುವಾಗ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸಿಲಿಂಡರಿನ ತೂಕಕ್ಕಿಂತ ಹೊಗೆಯ ತೂಕ ಹೇಗೆ ಹೆಚ್ಚಾಯಿತು ಎಂದು ನೀವು ಕೇಳಬಹುದು. ಉರಿಯುವಾಗ ಗಾಳಿಯ ಆಮ್ಲಜನಕವೂ ಅದಕ್ಕೆ ಕೂಡಿಕೊಳ್ಳುತ್ತದೆ, ಅದಕ್ಕೆ. ಇನ್ನು ಕರೆಂಟು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆಜಿಯಷ್ಟು ಬೀಳುತ್ತದೆ. ತಿಂಗಳಿಗೆ 250 ಯೂನಿಟ್ ಬಳಸುವ ಮನೆಯೆಂದರೆ 175 ಕೆಜಿ. ಅಂದರೆ ನಾಲ್ಕು ಸಿಲಿಂಡರಿಗಿಂತ ಹೆಚ್ಚು!

ಇಲ್ಲೇ ನನಗೆ ಒಂದು ವಿಷಯ ಹೇಳಬೇಕೆನಿಸುತ್ತದೆ. ಉಳಿತಾಯದ ಉಪದೇಶವೆಲ್ಲ ಬರುವುದು ಒಲೆಯ ಮುಂದೆ ನಿಂತವಳಿಗೆ. ಬೇಳೆ ನೆನೆಹಾಕು, ಕುಕ್ಕರ್ ಬಳಸು, ಪಾತ್ರೆಗೆ ಮುಚ್ಚಳ ಮುಚ್ಚು. ಇವೆಲ್ಲ ನಮ್ಮ ಅಮ್ಮಂದಿರು ಯಾವ ಭಾಷಣವನ್ನೂ ಕೇಳದೆ ಮಾಡಿದ ಕೆಲಸ. ಒಂದೂವರೆ ಟನ್ನಿನ ಏಸಿ ರಾತ್ರಿಗೆ ಎಂಟು ಯೂನಿಟ್ ತಿಂದರೆ ಏಳೆಂಟು ರಾತ್ರಿಯಲ್ಲೇ ಒಂದು ಸಿಲಿಂಡರಿಗೆ ಸಮನಾಯಿತು. ರಿಮೋಟು ಯಾರ ಕೈಯಲ್ಲಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಹಾಗೆಂದು ಏಸಿ ಬೇಡ ಎನ್ನುವವಳು ನಾನಲ್ಲ. ನಮ್ಮ ಅತ್ತೆಗೆ 84 ವರ್ಷ. ಏಪ್ರಿಲ್ ಮೇ ತಿಂಗಳ ಧಗೆಯಲ್ಲಿ ಅವರ ಕೋಣೆಯ ಏಸಿ ಆರಿಸಿ ಭೂಮಿಯನ್ನು ಉಳಿಸುತ್ತೇನೆಂದು ಹೊರಡಲಾರೆ. 2023ರ ಏಪ್ರಿಲ್‌ನಲ್ಲಿ ಇಲ್ಲೇ ಖಾರ್ಘರ್‌ನ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ಜೀವ ಬಿಟ್ಟದ್ದು ನಿಮಗೆಲ್ಲ ನೆನಪಿದೆ. ನಮ್ಮ ಮನೆಗೆಲಸದ ಬಾಯಿ ತಗಡಿನ ಮಾಡಿನ ಕೆಳಗೆ ಮಲಗುತ್ತಾಳೆ. ನಮ್ಮ ಏಸಿ ಒಳಗಿನ ಬಿಸಿಯನ್ನು ತೆಗೆದು ಎಸೆಯುವುದು ಅವಳ ಓಣಿಯ ಕಡೆಗೇ. ಅತ್ತೆಯ ಕೋಣೆ, ಬಾಯಿಯ ಮಾಡು, ಎರಡನ್ನೂ ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಂಡರೆ ಈ ವಿಷಯ ಅಷ್ಟು ಸುಲಭವಲ್ಲ ಎಂದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಮಾಡಿದ್ದಿಷ್ಟು. ಏಸಿ 26ಕ್ಕೆ, ಜೊತೆಗೆ ಮೆಲ್ಲಗೆ ಫ್ಯಾನು. ಒಂದು ಡಿಗ್ರಿ ಏರಿಸಿದರೆ ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಬಿಇಇ, ಅಂದರೆ ಸ್ಟಾರ್ ಚೀಟಿ ಅಂಟಿಸುವ ಸರಕಾರಿ ಸಂಸ್ಥೆ, ಹೇಳುತ್ತದೆ. 2020ರಿಂದ ಹೊಸ ಏಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕೆಂಬ ನಿಯಮ ಬಂದದ್ದೂ ಇದಕ್ಕೇ. ಮತ್ತೊಂದು ಮಾತು. ಪ್ರತಿ ಬೇಸಿಗೆಯಲ್ಲೂ ಮೆಕ್ಯಾನಿಕ್ ಬಂದು "ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು" ಎನ್ನುತ್ತಾನಲ್ಲ, ಆ ಗ್ಯಾಸು ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಈಗಿನ ಏಸಿಗಳಲ್ಲಿರುವ ಆರ್-32 ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 675 ಪಟ್ಟು ಬಿಸಿ ಹಿಡಿಯುತ್ತದೆ. ಹಳೆಯ ಆರ್-22 ಅದರ ಎರಡು ಪಟ್ಟಿಗೂ ಮೀರಿದ್ದು. ಮೊದಲು ಸೋರಿಕೆ ಹುಡುಕಿ ಮುಚ್ಚು, ಆಮೇಲೆ ತುಂಬಿಸು ಎಂದು ಪಟ್ಟು ಹಿಡಿಯಿರಿ. ಅವನು ಗೊಣಗುತ್ತಾನೆ, ಗೊಣಗಲಿ.

ಅಡುಗೆಮನೆಯ ಕಸದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಉಳಿದ ಅನ್ನ, ತರಕಾರಿ ಸಿಪ್ಪೆ ಗಾಳಿಯಾಡದ ರಾಶಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. 1927ರಿಂದ ಮುಂಬಯಿಯ ಕಸ ಹೊತ್ತ ದೇವನಾರ್ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿದ್ದನ್ನು ಚೆಂಬೂರಿನವರು ಮರೆತಿರಲಾರರು. ಹಸಿ ಕಸ ಬೇರೆ ಇಡಿ, ಗೊಬ್ಬರ ಮಾಡಿ. ತುಳಸಿ ಕುಂಡಕ್ಕಾದರೂ ಆದೀತು.

"ನಾವೊಬ್ಬರು ಮಾಡಿದರೆ ಏನಾಗುತ್ತದೆ? ಅಮೆರಿಕದವರು ನಮಗಿಂತ ಏಳು ಪಟ್ಟು ಹೊಗೆ ಬಿಡುತ್ತಾರೆ" ಎಂದು ನನ್ನ ಮಗನೇ ವಾದಿಸುತ್ತಾನೆ. ತಲಾ ಲೆಕ್ಕದಲ್ಲಿ ಅವನು ಹೇಳುವುದು ನಿಜ. ನಮ್ಮದು ವರ್ಷಕ್ಕೆ ಸುಮಾರು 2 ಟನ್. ಆದರೆ ಅದು ಸರಾಸರಿ ಮಗನೇ, ಅದರಲ್ಲಿ ನಮ್ಮ ಬಾಯಿಯೂ ಸೇರಿದ್ದಾಳೆ. ಅವಳ ಬಡತನವನ್ನು ಎದುರಿಗೆ ಹಿಡಿದು ನಾವು ಒಳ್ಳೆಯವರೆನಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಈಗ ಟೆರೇಸಿಗೆ ಬರೋಣ. 1915ರಲ್ಲೇ ಖೋಪೋಲಿಯ ಜಲವಿದ್ಯುತ್ತು ಮುಂಬಯಿಗೆ ಬಂದಿತ್ತು. ಇಂದು ಉಪನಗರಗಳಿಗೆ ಕರೆಂಟು ಕೊಡುವ ಡಹಾಣೂ ಸ್ಥಾವರ ಕಲ್ಲಿದ್ದಲು ಉರಿಸುತ್ತದೆ. ಸ್ವಿಚ್ಚು ನಮ್ಮ ಕೈಯಲ್ಲಿದ್ದರೂ ಆ ತುದಿಯಲ್ಲಿ ಏನು ಉರಿಯಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಟೆರೇಸಿನ ಮಟ್ಟಿಗೆ ಮಾತ್ರ ಸ್ವಲ್ಪ ಇದೆ. ಹತ್ತು ಕಿಲೋವ್ಯಾಟಿನ ಸೋಲಾರಿಗೆ ನೆರಳಿಲ್ಲದ ಸುಮಾರು 100 ಚದರ ಮೀಟರ್ ಜಾಗ ಸಾಕು. ದಿನಕ್ಕೆ ಸರಾಸರಿ 40 ಯೂನಿಟ್ ಬರುತ್ತದೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಖರ್ಚಿಗೆ ದೊಡ್ಡ ಆಸರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳಿಗೂ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ.

ಆದರೆ ಇದನ್ನು ತೀರ್ಮಾನಿಸುವುದು ಸೊಸೈಟಿಯ ವಾರ್ಷಿಕ ಸಭೆ. ನಮ್ಮ ಕಟ್ಟಡದ ಶೇರ್ ಸರ್ಟಿಫಿಕೇಟುಗಳಲ್ಲಿ ಮೊದಲ ಹೆಸರು ಹೆಚ್ಚಾಗಿ ಗಂಡಸರದ್ದು, ಸಭೆಗೆ ಹೋಗುವವರೂ ಅವರೇ. ಹೋದ ವರ್ಷ ಪಾರ್ಕಿಂಗ್ ಜಗಳಕ್ಕೆ ಎರಡು ಗಂಟೆ ಹೋಯಿತು, ಸೋಲಾರಿಗೆ ಐದು ನಿಮಿಷ ಸಿಕ್ಕಿತು. "ಮುಂದೆ ನೋಡೋಣ" ಎಂದು ಎದ್ದರು. ಈ ವರ್ಷದ ಸಭೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕು. ವಿಷಯ ಪಟ್ಟಿಯಲ್ಲಿ ಪಾರ್ಕಿಂಗಿಗಿಂತ ಮೊದಲು ಸೋಲಾರ್ ಇಡಬೇಕೆಂದು ನಾವು ನಾಲ್ವರು ಹೆಂಗಸರು ಕಾರ್ಯದರ್ಶಿಗೆ ಪತ್ರ ಕೊಟ್ಟು ಪ್ರತಿಗೆ ಸಹಿ ಹಾಕಿಸಿಕೊಂಡಿದ್ದೇವೆ. ಮರಾಠಿಯಲ್ಲಿ ಬರೆದ ಆ ಪತ್ರದ ನಕಲುಗಳನ್ನು ತಂದಿದ್ದೇನೆ. ನಿಮ್ಮ ನಿಮ್ಮ ಸೊಸೈಟಿಯ ಹೆಸರು ಹಾಕಿಕೊಂಡರೆ ಸಾಕು. ಬೇಕಾದವರು ಭಜನೆಯ ನಂತರ ನನ್ನ ಹತ್ತಿರ ಬನ್ನಿ.