ಡಯೋಡಿನ ಸುಂಕ ಕಳೆಯಿರಿ, ರೋಧ ತಾನೇ ಸಿಗುತ್ತದೆ

(ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಯುವಕರ ಮುಂದೆ ಮುದ್ರಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಪ್ರೆಸ್ಸು ನಡೆಸುವವನು. ಓದಿದ್ದು ಪಿಯುಸಿ. ಮೇಷ್ಟ್ರೂ ಅಲ್ಲ, ಇಂಜಿನಿಯರೂ ಅಲ್ಲ. ಆದರೂ ಇವತ್ತು ನಿಮ್ಮ ಮುಂದೆ ಒಂದು ಲೆಕ್ಕ ಬಿಡಿಸುತ್ತೇನೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಈ ಮಾಚೇನಹಳ್ಳಿಯಲ್ಲಿ ಕೆಲಸ ಹುಡುಕುವ ಹುಡುಗರಿಗೆ ಬೇಕಾದ ಲೆಕ್ಕ ಇದು. "ಸರ್ಕ್ಯೂಟಿನಲ್ಲಿ ಡಯೋಡ್ ಇದೆ. ಒಂದು ರೋಧಕದ ಬೆಲೆ ಗೊತ್ತಿಲ್ಲ. ಕಂಡುಹಿಡಿ."

ಇದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಪೆನ್ನು ಕೆಳಗಿಡುತ್ತಾನೆ. ಅವನು ಹೆದರಿದ್ದು ಲೆಕ್ಕಕ್ಕೋ, ಭಾಷೆಗೋ? ನೀವೇ ತೀರ್ಮಾನಿಸಿ.

ಮೊದಲು ಓಮ್‌ನ ನಿಯಮ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಹೈಸ್ಕೂಲಿನಲ್ಲಿ ಓದಿದ್ದೀರಿ. ಆದರೆ ಡಯೋಡ್ ಈ ನಿಯಮಕ್ಕೆ ಬಗ್ಗುವ ಆಸಾಮಿಯಲ್ಲ. ಅದಕ್ಕೆ ಎರಡು ಗುಣ.

ಒಂದು, ಅದು ಬಾವಿ ಪಂಪಿನ ಫುಟ್‌ವಾಲ್ವ್ ಇದ್ದಂತೆ. ಒಂದೇ ದಿಕ್ಕಿಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ.

ಎರಡು, ಅದು ಸುಂಕದ ಕಟ್ಟೆ. ಬಿಟ್ಟಾಗಲೆಲ್ಲ ತನ್ನ ಪಾಲು ಕೀಳುತ್ತದೆ. ಸಿಲಿಕಾನ್ ಡಯೋಡಾದರೆ ಸುಮಾರು 0.7 ವೋಲ್ಟ್, ಜರ್ಮೇನಿಯಂ ಆದರೆ ಸುಮಾರು 0.3, ಕೆಂಪು ಎಲ್‌ಇಡಿ ಆದರೆ ಸುಮಾರು 2. ಪ್ರವಾಹ ಹತ್ತುಪಟ್ಟಾದರೂ ಸಿಲಿಕಾನ್ ಡಯೋಡಿನ ಸುಂಕ ಏರುವುದು ಸಾಮಾನ್ಯವಾಗಿ ಸುಮಾರು ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ? ಅವನ ಪಾಲು ಕೊಟ್ಟು ಮುಂದೆ ಹೋಗಬೇಕು. ಈ ಲೆಕ್ಕದ ಗುಟ್ಟು ಇಷ್ಟೇ.

ಈಗ ಯಂತ್ರದ ಒಂದು ಪ್ಯಾನೆಲ್ ತೆಗೆದುಕೊಳ್ಳಿ. 12 ವೋಲ್ಟ್ ಡಿ.ಸಿ. ಒಂದೇ ಸಾಲಿನಲ್ಲಿ ನಾಲ್ಕು ವಸ್ತು: ವೈರು ತಿರುವುಮುರುವಾದರೆ ಕಾಪಾಡಲು ಒಂದು ಸಿಲಿಕಾನ್ ಡಯೋಡ್, ಒಂದು ಕೆಂಪು ಎಲ್‌ಇಡಿ, 100 ಓಮ್‌ನ ಒಂದು ರೋಧಕ, ಮತ್ತೆ ಶಾಖಕ್ಕೆ ಬಣ್ಣದ ಪಟ್ಟಿಗಳು ಮಾಸಿಹೋದ ಇನ್ನೊಂದು ರೋಧಕ. ಅದರ ಬೆಲೆ ಎಷ್ಟು?

ಗೊತ್ತಿರುವ ಕಡೆಯಿಂದ ಹೊರಡಿ. 100 ಓಮ್‌ನ ಎರಡು ತುದಿಗೆ ಮೀಟರ್ ಹಿಡಿದರೆ 1 ವೋಲ್ಟ್ ತೋರಿಸಿತು ಅನ್ನಿ. 1 ಭಾಗಿಸು 100, ಅಂದರೆ 0.01 ಆಂಪಿಯರ್. ಒಂದೇ ಸಾಲಾದ್ದರಿಂದ ಎಲ್ಲದರಲ್ಲೂ ಹರಿಯುವುದು ಇದೇ ಪ್ರವಾಹ.

ಇನ್ನು ವೋಲ್ಟಿನ ಜಮಾಖರ್ಚು. ಬಂದದ್ದು 12. ಖರ್ಚು: 100 ಓಮ್‌ಗೆ 1, ಡಯೋಡಿಗೆ 0.7, ಎಲ್‌ಇಡಿಗೆ 2. ಉಳಿದದ್ದು 8.3. ಅದು ಇರಬೇಕಾದದ್ದು ಆ ಮಾಸಿದ ರೋಧಕದ ಮೇಲೆಯೇ. 8.3 ಭಾಗಿಸು 0.01, ಅಂದರೆ 830 ಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆ 820. ಮುಗಿಯಿತು!

ಸುಂಕ ಮರೆತವನ ಗತಿ ಏನು? 12 ಭಾಗಿಸು 0.01, 1200, ಅದರಲ್ಲಿ 100 ಕಳೆದು 1100 ಅನ್ನುತ್ತಾನೆ. ಅದನ್ನೇ ಹಾಕಿದರೆ ಪ್ರವಾಹ 0.01ರಿಂದ 0.008ರ ಕೆಳಗಿಳಿಯುತ್ತದೆ, ದೀಪ ಮಂಕಾಗುತ್ತದೆ.

ಕವಲು ದಾರಿಗಳಿದ್ದು, ಯಾವ ಡಯೋಡ್ ಬಿಡುತ್ತಿದೆ ಯಾವುದು ತಡೆಯುತ್ತಿದೆ ತಿಳಿಯದಿದ್ದರೆ? ಬಿಡುತ್ತಿದೆ ಎಂದು ಊಹಿಸಿ ಲೆಕ್ಕ ಹಾಕಿ. ಅದರ ಪ್ರವಾಹಕ್ಕೆ ಮೈನಸ್ ಬಂದರೆ ಊಹೆ ತಪ್ಪು. ಆ ಕವಲನ್ನು ಕತ್ತರಿಸಿದ ವೈರು ಎಂದುಕೊಂಡು ಮತ್ತೆ ಲೆಕ್ಕ ಹಾಕಿ.

"ಅಣ್ಣಾ, ಮೀಟರನ್ನು ಓಮ್‌ಗೆ ತಿರುಗಿಸಿ ಅಳೆದರೆ ಆಗಲ್ವಾ?" ಅನ್ನುತ್ತೀರಿ. ಆಗುತ್ತದೆ. ಕರೆಂಟು ತೆಗೆದು, ರೋಧಕದ ಒಂದು ಕಾಲು ಬಿಚ್ಚಿ ಅಳೆಯಿರಿ. ಬೋರ್ಡಿನಲ್ಲೇ ಅಳೆದರೆ ಪಕ್ಕದ ದಾರಿಗಳೂ ಲೆಕ್ಕಕ್ಕೆ ಸೇರುತ್ತವೆ. ಮೀಟರಿನ ಕಡ್ಡಿ ಅದಲುಬದಲು ಮಾಡಿದಾಗ ಅಂಕಿ ಬದಲಾದರೆ ಅಲ್ಲಿ ಡಯೋಡಿನ ಕೈವಾಡ ಇರಬಹುದು. ಇನ್ನೊಂದು ಮಾತು: ಈ ಅಳತೆಗಳು ಕಡಿಮೆ ವೋಲ್ಟಿನ ಡಿ.ಸಿ.ಗೆ ಮಾತ್ರ. 230 ವೋಲ್ಟಿನ ಲೈನಿಗೆ ಕೈಹಾಕಬೇಡಿ.

ಗೆಳೆಯರೇ, ಈ ಲೆಕ್ಕದಲ್ಲಿ ಕನ್ನಡಕ್ಕೆ ಸಿಗದ ಮಾತು ಎಲ್ಲಿತ್ತು? ರೋಧ, ಪ್ರವಾಹ, ವಿಭವಾಂತರ ನಮ್ಮ ಶಾಲೆಯ ಪುಸ್ತಕದಲ್ಲೇ ಇವೆ. ಡಯೋಡನ್ನು ಡಯೋಡ್ ಎಂದೇ ಕರೆಯೋಣ. ಬಸ್ಸು, ಪ್ರೆಸ್ಸು ನಮ್ಮವಾಗಲಿಲ್ಲವೇ? 1827ರಲ್ಲಿ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದು ಇಂಗ್ಲಿಷಿನಲ್ಲಲ್ಲ, ತನ್ನ ಜರ್ಮನ್ ನುಡಿಯಲ್ಲಿ. ವೈದ್ಯಕೀಯ ಪ್ರವೇಶದ ನೀಟ್ 2017ರಿಂದ, ಇಂಜಿನಿಯರಿಂಗಿನ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿವೆ. ಆಗದು ಅಂದವರಿಗೆ ಇದೇ ಉತ್ತರ.

ಹಾಗೆಂದು ಇಂಗ್ಲಿಷ್ ಕಲಿಯಬೇಡಿ ಎನ್ನುತ್ತಿಲ್ಲ. ಪ್ರಶ್ನೆ ಯಾವ ಭಾಷೆಯಲ್ಲೇ ಬರಲಿ, ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ ಮೂರು ಸಾಲು ಬರೆದುಕೊಳ್ಳಿ: ಬಂದದ್ದೆಷ್ಟು, ಸುಂಕವೆಷ್ಟು, ಉಳಿದದ್ದೆಷ್ಟು. ಆಮೇಲೆ ಭಾಗಿಸಿ. ಉತ್ತರ ಬಂದಾಗ ಪಕ್ಕದ ಹುಡುಗನಿಗೂ ಕನ್ನಡದಲ್ಲೇ ಹೇಳಿಕೊಡಿ. ನಮ್ಮ ನುಡಿ ಕಾರ್ಖಾನೆಯೊಳಗೆ ಕಾಲಿಡುವುದು ಹೀಗೆ.